ಎಪ್ಪತ್ತೆರಡು ಪುಸ್ತಕಗಳು

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಪುರಸಭೆಯ ವಾಚನಾಲಯದ ವಾರ್ಷಿಕ ಎಣಿಕೆ ಮುಗಿಯಿತು. ಎಪ್ಪತ್ತೆರಡು ಪುಸ್ತಕಗಳು ಕಡಿಮೆ ಬಂದವು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆದಿತ್ತು: ದಾಖಲೆಯಲ್ಲಿ ೩,೮೧೬. ಬೀರುಗಳಲ್ಲಿ ೩,೭೪೪. ವ್ಯತ್ಯಾಸ ೭೨.

ನಾನಾಗ ಊರಿನ ವಾರಪತ್ರಿಕೆಯ ವರದಿಗಾರನಾಗಿದ್ದೆ. ಪುಸ್ತಕಗಳು ಕಾಣೆಯಾಗಿವೆ ಎಂಬ ಸುದ್ದಿ ಸಿಕ್ಕಿ ಹತ್ತೂಕಾಲಿಗೆ ಅಲ್ಲಿಗೆ ಹೋದೆ. ತಲೆಬರಹವನ್ನು ದಾರಿಯಲ್ಲೇ ಯೋಚಿಸಿಕೊಂಡಿದ್ದೆ.

ಗ್ರಂಥಪಾಲಕಿ ಚಂದ್ರಮತಿಯವರು ಮೇಜಿನ ಹಿಂದೆ ಕುಳಿತಿದ್ದರು. ಹನ್ನೊಂದು ವರ್ಷಗಳಿಂದ ಅವರದು ಹಂಗಾಮಿ ನೌಕರಿ. ಅದನ್ನು ಕಾಯಂ ಮಾಡುವ ಆದೇಶ ಅಂದು ಸಂಜೆ ನಾಲ್ಕಕ್ಕೆ ಸಮಿತಿಯ ಮುಂದೆ ಬರಲಿತ್ತು. ಷರತ್ತು ಒಂದೇ: ದಾಖಲೆಗೂ ಬೀರುಗಳಿಗೂ ತಾಳೆಯಾಗಬೇಕು. ಒಂದು ಪುಸ್ತಕ ಕಡಿಮೆಯಾದರೂ ಹುದ್ದೆಗೆ ಬೇರೆಯವರಿಂದ ಅರ್ಜಿ ಕರೆಯಲಾಗುವುದು ಎಂದು ಅಧ್ಯಕ್ಷರು ಬರೆದು ಕಳಿಸಿದ್ದರು. ಎರವಲು ಹೋಗಿದ್ದ ಪುಸ್ತಕಗಳನ್ನೆಲ್ಲ ಚಂದ್ರಮತಿ ಮನೆಮನೆಗೆ ಅಲೆದು ವಾಪಸು ತಂದಿದ್ದರು. ಹಾಗಾಗಿ ಪುಸ್ತಕ ಓದುಗರ ಬಳಿ ಇದೆ ಎಂದು ಹೇಳಿಕೊಳ್ಳುವ ದಾರಿಯೂ ಅವರಿಗೆ ಉಳಿದಿರಲಿಲ್ಲ.

"ಬರ್ಕೊಳ್ಳಿ," ಎಂದರು ನನ್ನನ್ನು ಕಂಡು. "ಎಪ್ಪತ್ತೆರಡು. ಎಪ್ಪತ್ತಕ್ಕೂ ಹೆಚ್ಚು ಅಂತ ಬರೀಬೇಡಿ."

ಅಷ್ಟರಲ್ಲಿ ಪೇಪರು ಓದುತ್ತಿದ್ದ ಅಳಸಿಂಗ ಮೇಷ್ಟ್ರು ಎದ್ದು ಹಲಗೆಯ ಹತ್ತಿರ ಬಂದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಸಂಖ್ಯೆಗಳನ್ನು ನೆಂಟರಂತೆ ಕಾಣುತ್ತಿದ್ದರು. ಕೆಲವರ ಮೇಲೆ ಪ್ರೀತಿ, ಕೆಲವರ ಮೇಲೆ ಅನುಮಾನ. ಹಲಗೆ ನೋಡಿ ಅವರು ನಕ್ಕುಬಿಟ್ಟರು.

"ಅಳಬೇಡಮ್ಮ. ಯಾರೂ ಕದ್ದಿಲ್ಲ. ಎಪ್ಪತ್ತೆರಡು ಒಂಬತ್ತರಿಂದ ಭಾಗವಾಗುತ್ತೆ."

"ನಾನೆಲ್ಲಿ ಅತ್ತೆ ಮೇಷ್ಟ್ರೇ?"

"ಅಳ್ತೀಯ ಅಂತ ಮುಂಚೇನೇ ಹೇಳ್ದೆ. ಕೇಳು. ಐವತ್ತೆರಡನ್ನ ತಿರುಗಿಸಿ ಇಪ್ಪತ್ತೈದು ಅಂತ ಬರೆದ್ರೆ ಎಷ್ಟು ತಪ್ಪು? ಇಪ್ಪತ್ತೇಳು. ಮೂರು ಒಂಬತ್ತು. ಎರಡು ಅಂಕಿ ಯಾವಾಗ ಹಿಂದುಮುಂದಾದ್ರೂ ಅಷ್ಟೆ, ಒಂಬತ್ತು ಬಂದು ಕಳ್ಳನ್ನ ಹಿಡ್ಕೊಡುತ್ತೆ. ಸಂಖ್ಯೆಗಳಲ್ಲಿ ಅದು ಪೊಲೀಸು."

ನಾನು ಸುಮ್ಮನಿರಲಿಲ್ಲ. "ಎಪ್ಪತ್ತೆರಡು ಪುಸ್ತಕ ನಿಜವಾದ ಕಳ್ಳ ಹೊತ್ಕೊಂಡು ಹೋಗಿದ್ರೂ ಅದು ಒಂಬತ್ತರಿಂದ ಭಾಗವಾಗುತ್ತಲ್ಲ ಸಾರ್?"

"ಕಳ್ಳರು ಅಷ್ಟು ಚೊಕ್ಕಟವಾಗಿ ಕದಿಯೋದಿಲ್ಲ ಕಣಯ್ಯಾ."

ಹನ್ನೆರಡು ಬೀರು, ಒಂದೊಂದರಲ್ಲಿ ಆರು ಖಾನೆ. ಬೀರುವಿಗೊಂದರಂತೆ ಹನ್ನೆರಡು ಮೊತ್ತಗಳ ಪಟ್ಟಿಯನ್ನು ಚಂದ್ರಮತಿ ಮುಂದಿಟ್ಟರು. ಮೇಷ್ಟ್ರು ಲೆಕ್ಕ ಹಾಕಿದರು: ತಪ್ಪು ಎಪ್ಪತ್ತೆರಡಾಗಬೇಕಾದರೆ ತಿರುಗಿದ ಅಂಕಿಗಳ ನಡುವೆ ಎಂಟರ ಅಂತರವಿರಬೇಕು, ಅಂದರೆ ತೊಂಬತ್ತೊಂದು ಇರುವಲ್ಲಿ ಹತ್ತೊಂಬತ್ತೋ, ಎಂಬತ್ತು ಇರುವಲ್ಲಿ ಸೊನ್ನೆ ಎಂಟೋ ಬಂದಿರಬೇಕು. ಅವರ ಬೆರಳು ಏಳನೆಯ ಸಾಲಿನಲ್ಲಿ ನಿಂತಿತು. ಅಲ್ಲಿ ೩೧೯ ಎಂದಿತ್ತು.

"ಮುನ್ನೂರ ತೊಂಬತ್ತೊಂದು!" ಎಂದು ಕೂಗಿ, ಹಲಗೆಯ ಮೇಲಿನ ೭೨ನ್ನು ಅಂಗೈಯಿಂದ ಒರೆಸಿಬಿಟ್ಟರು.

"ಎಣಿಸೋ ಮುಂಚೆ ಒರೆಸಬೇಡಿ," ಎಂದು ಚಂದ್ರಮತಿ ಅದನ್ನು ಮತ್ತೆ ಬರೆದರು.

ಏಳನೆಯ ಬೀರುವನ್ನು ನಾನೇ ಎಣಿಸಿದೆ. ಎರಡು ಸಲ ಎಣಿಸಿದೆ. ೩೧೯ ಬರಲಿಲ್ಲ, ೩೯೧ ಕೂಡ ಬರಲಿಲ್ಲ. ಎರಡು ಸಲವೂ ೩೨೫ ಬಂತು.

ಮೇಷ್ಟ್ರ ಮುಖ ಸಪ್ಪಗಾಯಿತು. "ಆರು ಜಾಸ್ತಿ," ಎಂದರು. ಹಲಗೆಯತ್ತ ತಿರುಗಿದರು. "ಒಂದು ಬೀರುಗೆ ಆರು. ಹನ್ನೆರಡಾರ್ಲ ಎಪ್ಪತ್ತೆರಡು. ಮೊದಲು ಎಣಿಸಿದ್ದು ಯಾರು?"

ಎಣಿಸಿದ್ದು ಜವಾನ ಕೆಂಚಪ್ಪ. ಐವತ್ತು ದಾಟಿದವನು; ಮೂವತ್ತು ವರ್ಷ ಕಾಳಿನ ಮಂಡಿಯಲ್ಲಿ ಕೊಳಗ ಹಿಡಿದು ಅಳೆದವನು. ಮಂಡಿಗೆ ತೂಕದ ಯಂತ್ರ ಬಂದ ಮೇಲೆ, ಆ ವರ್ಷವಷ್ಟೇ ವಾಚನಾಲಯಕ್ಕೆ ಸೇರಿದ್ದ; ಅವನಿಗೆ ಇದು ಮೊದಲ ಎಣಿಕೆ. ಒಂದೊಂದು ಖಾನೆಯನ್ನೂ ಬಾಯೊಳಗೇ ಎಣಿಸಿ, ಕೊನೆಯ ಸಂಖ್ಯೆಯನ್ನಷ್ಟೇ ಕೂಗಿ ಹೇಳಿದ್ದ. ಚಂದ್ರಮತಿ ಅದನ್ನು ಬರೆದುಕೊಂಡಿದ್ದರು.

"ಕೆಂಚಪ್ಪನೋರೇ, ಈ ಖಾನೆ ಒಂದ್ಸಲ ಗಟ್ಟಿಯಾಗಿ ಎಣಿಸಿ," ಎಂದರು ಚಂದ್ರಮತಿ.

ಅವನು ಮೊದಲ ಪುಸ್ತಕದ ಬೆನ್ನು ಮುಟ್ಟಿ "ಲಾಭ" ಎಂದ. ಎರಡನೆಯದನ್ನು ಮುಟ್ಟಿ "ಒಂದು" ಎಂದ. ಮೂರನೆಯದಕ್ಕೆ "ಎರಡು".

ಅಳೆಯುವಾಗ ಒಂದು ಎನ್ನುವ ಬದಲು ಲಾಭ ಎನ್ನುವುದು ಹಲವು ಊರುಗಳಲ್ಲಿದೆ. ಅಲ್ಲಿ ಲಾಭದ ನಂತರ ಎರಡು ಬರುತ್ತದೆ. ನಮ್ಮ ಊರಿನ ಮಂಡಿಯಲ್ಲಿ ಮಾತ್ರ ಮೊದಲ ಕೊಳಗ ದೇವರಿಗೆ ಸೇರಿದ್ದು, ಅದು ಲೆಕ್ಕಕ್ಕಿರಲಿಲ್ಲ.

"ಮೊದಲ್ನೇದು ದೇವ್ರುದಲ್ವರಾ?" ಎಂದ ಕೆಂಚಪ್ಪ, ನಮ್ಮ ಮುಖಗಳನ್ನು ನೋಡಿ ಹೆದರಿ. "ಅದ್ನ ನಮ್ದು ಅಂತ ಎಂಗೆ ಎಣಿಸ್ಲಿ ಅವ್ವಾರೇ?"

"ಎಪ್ಪತ್ತೆರಡು ಖಾನೆ, ದೇವರಿಗೆ ಎಪ್ಪತ್ತೆರಡು ಪುಸ್ತಕ!" ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಮೂರು ಸಾವಿರದ ಎಂಟುನೂರ ಹದಿನಾರು. ಕೂಡಿಸಿ ಸಹಿ ಹಾಕಮ್ಮ, ಮುಗೀತು."

ಚಂದ್ರಮತಿ ಪೆನ್ನು ತೆಗೆದುಕೊಳ್ಳಲಿಲ್ಲ. "ಎಣಿಕೆ ಪತ್ರದಲ್ಲಿ ಎಣಿಸಿದೆ ಅಂತ ಇದೆ ಮೇಷ್ಟ್ರೇ. ಗುಣಿಸಿದೆ ಅಂತ ಇಲ್ಲ."

"ಇಷ್ಟು ಸರಿಯಾಗಿ ಕೂತಿರೋ ಉತ್ತರ ಸುಳ್ಳಾಗುತ್ತೇನಮ್ಮ?"

"ಈಗ ತಾನೇ ಮುನ್ನೂರ ತೊಂಬತ್ತೊಂದೂ ಸರಿಯಾಗೇ ಕೂತಿತ್ತು," ಎಂದರು ಅವರು, ಮೊದಲ ಬೀರುವಿನ ಬಾಗಿಲು ತೆರೆಯುತ್ತ.

ಹನ್ನೊಂದೂಕಾಲಿಗೆ ಶುರು ಮಾಡಿದೆವು. ಅವರು ಎಣಿಸಿದರು, ನಾನು ಬರೆದೆ. ಹನ್ನೆರಡನೆಯ ಬೀರುವಿನ ಕೆಳಗಿನ ಖಾನೆ ಖಾಲಿಯಿತ್ತು. ಗೆದ್ದಲು ಹತ್ತಿದ್ದರಿಂದ ಅದರ ಪುಸ್ತಕಗಳನ್ನು ಮೇಲಿನ ಖಾನೆಗಳಿಗೆ ಸೇರಿಸಿದ್ದರು. ಅಲ್ಲಿ ಕೆಂಚಪ್ಪ ದೇವರಿಗೂ ಏನೂ ಕೊಟ್ಟಿರಲಿಲ್ಲ.

ಎರಡು ಗಂಟೆ ನಲವತ್ತಕ್ಕೆ ಮೊತ್ತ ಬಂತು. ೩,೮೧೫.

ಚಂದ್ರಮತಿ ತಾವೇ ಹೋಗಿ ಹಲಗೆಯ ಮೇಲಿನ ೭೨ನ್ನು ಒರೆಸಿ ೧ ಎಂದು ಬರೆದರು. ಒಂದು ಪುಸ್ತಕ ಕಡಿಮೆಯಾದರೂ ಎಂಬ ಅಧ್ಯಕ್ಷರ ಮಾತು ಎಲ್ಲರಿಗೂ ನೆನಪಿತ್ತು.

"ನಾನ್ ಗುಣಿಸಿದ್ದನ್ನೇ ಬರೆದಿದ್ರೆ..." ಎಂದರು ಮೇಷ್ಟ್ರು.

"ಮುಂದಿನ ವರ್ಷ ಎಣಿಸೋರು ನನ್ನ ಕಳ್ಳಿ ಅಂತಿದ್ರು. ಇವತ್ತೇ ಅನ್ನಲಿ."

ಮೇಷ್ಟ್ರು ಕೂತಲ್ಲೇ ಲೆಕ್ಕ ಹಾಕುತ್ತಿದ್ದರು. "ಪುಸ್ತಕವಿರೋ ಖಾನೆ ಎಪ್ಪತ್ತೊಂದು. ಅದು ಒಂಬತ್ತರಿಂದ ಭಾಗವಾಗೋದಿಲ್ಲ, ಯಾವುದರಿಂದಲೂ ಆಗೋದಿಲ್ಲ. ಒಣ ಸಂಖ್ಯೆ." ಆಮೇಲೆ ಕನ್ನಡಕ ತೆಗೆದರು. ಅದನ್ನು ಒರೆಸದೆ ಹಾಗೆಯೇ ಹಿಡಿದುಕೊಂಡು ಕುಳಿತರು. "ದೇವರಿಗೆ ಎಪ್ಪತ್ತೊಂದು, ಮತ್ತೆ ಒಂದು," ಎಂದು ತಮಗೆ ತಾವೇ ಹೇಳಿಕೊಂಡು ಎದ್ದು, ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗಿಳಿದರು.

ಮೂರೂವರೆಗೆ ವಾಪಸು ಬಂದರು. ಕೈಯಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕವಿತ್ತು, ಅಂಕಿಗಳ ಮಾಯಾಚೌಕಗಳ ಬಗ್ಗೆ. ಒಳಪುಟದಲ್ಲಿ ವಾಚನಾಲಯದ ಮೊಹರಿತ್ತು.

"ಎಂಟು ತಿಂಗಳಾಯ್ತು," ಎಂದರು. "ನೀನು ಊಟಕ್ಕೆ ಹೋಗಿದ್ದೆ. ನಾಳೆ ತಂದಿಡೋಣ ಅಂತ ಬರೆಸದೇ ತಗೊಂಡು ಹೋದೆ. ಇದು ನಂದೇ ಅನ್ನೋ ಹಾಗೆ ಆಗ್ಬಿಟ್ಟಿತ್ತಮ್ಮ."

ಚಂದ್ರಮತಿ ಪುಸ್ತಕವನ್ನು ಅದರ ಖಾನೆಯಲ್ಲಿಟ್ಟು ಬಂದು, ಎಣಿಕೆ ಪತ್ರದಲ್ಲಿ ೩,೮೧೬ ಎಂದು ಬರೆದು ಸಹಿ ಹಾಕಿದರು. ಆದೇಶಕ್ಕೆ ಸಮಿತಿಯ ಸಹಿ ಬಿದ್ದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನನ್ನ ವರದಿ ಆ ವಾರ ಐದನೆಯ ಪುಟದಲ್ಲಿ ಆರು ಸಾಲಿನಷ್ಟು ಬಂತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಅದೇ ಪುಸ್ತಕ ಕೇಳಿಕೊಂಡು ಬಂದರು. ಚಂದ್ರಮತಿ ಅವರಿಂದ ಸಹಿ ಹಾಕಿಸಿಕೊಂಡು, ಹದಿನೈದು ದಿನದ ಗಡುವು ಬರೆದು ಕೊಟ್ಟರು. ಹದಿನಾಲ್ಕನೆಯ ದಿನ ಕೆಂಚಪ್ಪನನ್ನು ಅವರ ಮನೆಗೆ ಕಳಿಸಿ ಅದನ್ನು ತರಿಸಿಕೊಂಡರು.