ನನಗೂ ಉಡಿ ತುಂಬಿದರು

ನಾನು ಒಂದು ಬೆನ್ನುಚೀಲ. ಹುಟ್ಟಿದ್ದು ಬೆಳಗಾವಿಯ ಕ್ಯಾಂಪಿನ ಒಂದು ಅಂಗಡಿಯಲ್ಲಿ. ಪರಶುರಾಮ ಚವಾಣರೆಂಬ ಹಿರಿಯರು ಅಲ್ಲಿ ಲಾರಿಗಳಿಗೆ ತಾಡಪತ್ರಿ, ಸಿಪಾಯಿಗಳಿಗೆ ಚೀಲ ಹೊಲಿಯುತ್ತಿದ್ದರು. ಅಂಗಡಿಯ ಮುಂದೆ ತೂಗಾಡುವ ಚೀಲಗಳು ಯಾರ ಬೆನ್ನಿಗಾದರೂ ಒಗ್ಗುತ್ತವೆ. ನಾನು ಹಾಗಲ್ಲ, ಒಂದೇ ಬೆನ್ನಿನ ಅಳತೆ ತೆಗೆದು ಹೊಲಿದ ಚೀಲ.

ಆ ಬೆನ್ನು ಧಾರವಾಡದಲ್ಲಿ ಭೂಗೋಳ ಕಲಿಸುತ್ತಿದ್ದ ಪ್ರಭುಲಿಂಗನದು.

“ಸರ, ನಿಮ್ಮ ಬೆನ್ನ ಭಾಳ ಉದ್ದ ಐತ್ರಿ. ಅರಿವಿ ಜಾಸ್ತಿ ಹಿಡಿತೈತಿ,” ಎಂದರು ಚವಾಣರು, ಟೇಪು ಹಿಡಿದು.

“ಹೊಲೀರಿ. ಇಷ್ಟುದ್ದ ಬೆನ್ನ ಇಟಗೊಂಡು ಬರೇ ಕುರ್ಚಿಗೆ ಒರಗಿದ್ರ ಪಾಪ ಬರ್ತದ.”

ಕೊನೆಯ ಹೊಲಿಗೆ ಹಾಕಿ ನನ್ನನ್ನು ಅವನ ಕೈಗೆ ಕೊಡುವಾಗ ಚವಾಣರು, “ನಿಮ್ಮನ್ನ ಬಿಟ್ರ ಇನ್ನೊಬ್ಬರಿಗೆ ಇದು ಹೊಂದೂದಿಲ್ಲ ನೋಡ್ರಿ,” ಎಂದರು. ಆ ಮಾತಿಗೆ ನಾನು ಬಹಳ ಹೆಮ್ಮೆಪಟ್ಟೆ. ಹೆಮ್ಮೆಪಡುವಾಗ ಸ್ವಲ್ಪ ಹೆದರಬೇಕು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಬೆನ್ನಿಗೆ ಅಂಟಿದವರಿಗೆ ಒಂದು ಕೊರತೆ ಇದೆ. ಹೊತ್ತವರ ಮುಖ ನಮಗೆ ಕಾಣುವುದಿಲ್ಲ. ಎತ್ತಿ ಹೆಗಲಿಗೇರಿಸುವ ಗಳಿಗೆಯಲ್ಲಿ ಕತ್ತಿನ ಹಿಂಭಾಗ ಕಂಡರೆ ಹೆಚ್ಚು. ಮುಂದಿನ ದಾರಿಯೂ ಕಾಣುವುದಿಲ್ಲ. ಕಳೆದುಹೋದ ದಾರಿ ಮಾತ್ರ ಕಣ್ಣ ಮುಂದೆ ಉದ್ದವಾಗುತ್ತಾ ಹೋಗುತ್ತದೆ. ಅದಕ್ಕೇ ಇರಬೇಕು, ನನ್ನದು ಮೊದಲಿನಿಂದಲೂ ಅಂಜುವ ಸ್ವಭಾವ. ಜಿಪ್ಪು ಪೂರ್ತಿ ಎಳೆದರೋ ಇಲ್ಲವೋ, ಪಟ್ಟಿ ಎಲ್ಲಾದರೂ ಸಡಿಲವಾಯಿತೋ ಎಂದು ಸದಾ ಒಳಗೊಳಗೇ ತಡಕುತ್ತಿರುತ್ತೇನೆ.

ಪ್ರಭುಲಿಂಗನಿಗೆ ಒಂದೇ ಹುಚ್ಚು. ಜಾರ್ಜಿಯಾ ದೇಶದ ಕಾಕಸಸ್ ಪರ್ವತಗಳಲ್ಲಿ ಊರಿಂದೂರಿಗೆ ನಡೆದು ಉಷ್ಗುಲಿ ಎಂಬ ಹಳ್ಳಿ ಮುಟ್ಟಬೇಕು. ಹೆಂಡತಿ ದಾಕ್ಷಾಯಿಣಿಯೂ ಜೊತೆಗೆ ಹೊರಡುವುದೆಂದು ಮಾತಾಗಿತ್ತು. ಅಭ್ಯಾಸಕ್ಕೆಂದು ಅವನು ನನ್ನೊಳಗೆ ಜೋಳ ತುಂಬಿಕೊಂಡು ಊರ ಹೊರಗಿನ ಗುಡ್ಡ ಹತ್ತುತ್ತಿದ್ದ. ಅವನ ತಾಯಿ ಗುರವ್ವ ಬಾಗಿಲಲ್ಲಿ ನಿಂತು, “ನಮ್ಮ ಜೋಳಕ್ಕ ಗುಡ್ಡಾ ತೋರಿಸಾಕ ಹೊಂಟಾನ ನೋಡ್ರೀ ನನ್ನ ಮಗಾ,” ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದಳು. ಅವನ ಬೆವರು ನನ್ನ ಬೆನ್ನುಪಟ್ಟಿಯಲ್ಲಿ ಇಂಗಿ ಉಪ್ಪಿನ ಗೆರೆಯಾಗಿ ಉಳಿಯಿತು.

ಒಂದು ಬೆಳಿಗ್ಗೆ ಗುಡ್ಡದಿಂದ ಬಂದು ನನ್ನನ್ನು ಗೋಡೆಗೆ ಒರಗಿಸಿ, ಎದೆ ನೋವೆಂದು ಕುಳಿತ. ಆಸ್ಪತ್ರೆಗೆ ಕರೆದೊಯ್ದರು. ಅವನು ತಿರುಗಿ ಬರಲಿಲ್ಲ. ನನ್ನೊಳಗಿನ ಜೋಳವನ್ನು ಬಹಳ ದಿನ ಯಾರೂ ತೆಗೆಯಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ನನ್ನನ್ನು ಕೊಡವಿ ಹೊರಗೆ ತೆಗೆದದ್ದು ದಾಕ್ಷಾಯಿಣಿ. ಜೊತೆಗಿದ್ದವಳು ಅವಳ ಗೆಳತಿ ಫರ್ಜಾನಾ. ಇಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಮಾಡುವವರು. ದಾಕ್ಷಾಯಿಣಿ ನನ್ನನ್ನು ಹೆಗಲಿಗೇರಿಸಿದಳು. ಅವಳದು ಗಿಡ್ಡ ಬೆನ್ನು. ನನ್ನ ಸೊಂಟಪಟ್ಟಿ ಅವಳ ಸೊಂಟದಿಂದ ಕೆಳಗೆ ಜಾರಿತು, ಭಾರವೆಲ್ಲ ಹೆಗಲಿಗೆ ಬಿತ್ತು.

“ನಿನ್ನ ಅಳತಿದು ಒಂದು ಹೊಸಾದು ತಗೋ ಮಾರಾಯ್ತಿ,” ಎಂದಳು ಫರ್ಜಾನಾ.

“ಇದು ಆ ಊರು ಮುಟ್ಟಬೇಕಾಗಿತ್ತು. ಮುಟ್ಟಿಸಿ ಅಲ್ಲೇ ಬಿಟ್ಟು ಬರ್ತೀನಿ. ಮನ್ಯಾಗಿದ್ರ ದಿನಾ ಕಣ್ಣಿಗೆ ಬೀಳ್ತದ. ನನ್ನ ಕೈಲೆ ಆಗಂಗಿಲ್ಲ. ಅತ್ತಿಯವರಿಗೆ ಮಾತ್ರ ಹೇಳಬ್ಯಾಡ.”

ಅಂದಿನಿಂದ ನನಗೆ ಗೊತ್ತಿತ್ತು, ನನ್ನದು ಹೋಗುವ ಪ್ರಯಾಣ ಮಾತ್ರ, ಬರುವುದಿಲ್ಲ ಎಂದು.

ಹೊರಡುವ ದಿನ ಗುರವ್ವ ಒಂದು ಕೆಲಸ ಮಾಡಿದಳು. ಆ ಮನೆಯಲ್ಲಿ ಹೆಣ್ಣುಮಕ್ಕಳು ದೂರ ಹೊರಟರೆ ಉಡಿ ತುಂಬಿ ಕಳಿಸುವ ರೂಢಿ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಪ್ಪಸದ ಖಣ. ತುಂಬಿಸಿಕೊಂಡವಳು ಅದರಲ್ಲೇ ಒಂದು ಹಿಡಿ ಅಕ್ಕಿಯನ್ನು ಮನೆಗೆ ತಿರುಗಿ ಕೊಟ್ಟು ಹೊರಡಬೇಕು, ಮನೆ ಬರಿದಾಗಬಾರದೆಂದು. ತುಂಬಿದ ಉಡಿಯನ್ನು ದಾರಿಯಲ್ಲಿ ಬಿಡುವಂತಿಲ್ಲ. ಅದು ಮನೆ ಸೇರಲೇಬೇಕು. ಆದರೆ ಇದೆಲ್ಲ ಮುತ್ತೈದೆಯರಿಗೆ. ಗಂಡನಿಲ್ಲದವಳಿಗೆ ತುಂಬುವುದಿಲ್ಲ. ಗಂಡನಿಲ್ಲದವಳು ತುಂಬುವುದೂ ಇಲ್ಲ. ಇಲ್ಲಿ ಅತ್ತೆ ಸೊಸೆ ಇಬ್ಬರೂ ಅಂಥವರೇ.

ಗುರವ್ವ ಅಕ್ಕಿಯ ಮೊರ ಹಿಡಿದು ಬಂದವಳು ಸೊಸೆಯನ್ನು ದಾಟಿ ನನ್ನ ಮುಂದೆ ಕುಳಿತಳು. ಜಿಪ್ಪು ತೆಗೆದಳು.

“ಅತ್ತೀ, ಏನ ಮಾಡಾಕತ್ತೀರಿ?”

“ಶಾಸ್ತ್ರ ಎಲ್ಲಾ ಮನಷ್ಯಾರಿಗೆ. ಚೀಲಕ್ಕೇನದ? ನನ್ನ ಮಗನ ಚೀಲ, ನಾ ತುಂಬ್ತೀನಿ. ಯಾವಾಕಿ ಕೇಳ್ತಾಳ ನೋಡೋಣು.”

ಹಿಡಿ ಹಿಡಿಯಾಗಿ ಅಕ್ಕಿ ಬಿತ್ತು. ಕೊಬ್ಬರಿ, ಅರಿಶಿನ, ಹಸಿರು ಖಣ. ಎಲ್ಲವನ್ನೂ ಒಂದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ತಳದಲ್ಲಿಟ್ಟಳು. “ತಿರುಗಿ ಒಂದು ಹಿಡಿ ಕೊಡಾಕ ಇದಕ್ಕ ಕೈ ಇಲ್ಲ. ಇರವಲ್ದ್ಯಾಕ, ಬಂದು ಕೊಡ್ತದ,” ಎಂದಳು.

ನಾನು ಅಂದಿನಷ್ಟು ಭಾರವಾಗಿ ಯಾವತ್ತೂ ಇರಲಿಲ್ಲ.

ಕೊಬ್ಬರಿಯನ್ನು ವಿಮಾನ ನಿಲ್ದಾಣದಲ್ಲೇ ತೆಗೆಸಿದರು, ಬೆಂಕಿ ಹತ್ತುವ ವಸ್ತುವಂತೆ. ದಾಕ್ಷಾಯಿಣಿ ಗಂಟನ್ನು ಮತ್ತೆ ಬಿಗಿದು ಕಟ್ಟಿದಳು. “ಅದಕ್ಕ ವೀಸಾ ಸಿಗಲಿಲ್ಲ, ಬಿಡು,” ಎಂದು ಫರ್ಜಾನಾ ಅವಳನ್ನು ಎಳೆದುಕೊಂಡು ನಡೆದಳು.

ಆ ದೇಶದ ದಾರಿಗಳ ಬಗ್ಗೆ ನಾನು ಹೇಳಬಲ್ಲದ್ದು, ಬಿಟ್ಟುಹೋದ ಮೇಲೆ ಅವು ಹೇಗೆ ಕಂಡವು ಎಂಬುದಷ್ಟೇ. ಹಿಮದ ಬೆಟ್ಟಗಳು ಹಿಂದೆ ಸರಿದವು. ಕಲ್ಲಿನ ಎತ್ತರದ ಗೋಪುರಗಳಿದ್ದ ಹಳ್ಳಿಗಳು ಸಣ್ಣಗಾದವು. ಸೇತುವೆಯಿಲ್ಲದ ಹೊಳೆಯೊಂದನ್ನು ಕುದುರೆಯ ಮೇಲೆ ದಾಟುವಾಗ ನೀರು ನನ್ನ ತಳಕ್ಕೆ ಸಿಡಿಯಿತು. ಅಕ್ಕಿ ನೆನೆದರೆ ಗತಿಯೇನೆಂದು ದಡ ಸೇರುವವರೆಗೂ ನನ್ನ ಜೀವ ನನ್ನಲ್ಲಿರಲಿಲ್ಲ. ಆಮೇಲೆ ಮಳೆ, ಕೆಸರು, ಉಸಿರು ಕಟ್ಟಿಸುವ ಏರು. ಖಡಕ್ ರೊಟ್ಟಿ ನನ್ನೊಳಗೇ ಪುಡಿಯಾಯಿತು. ಅದನ್ನೇ ಶೇಂಗಾ ಚಟ್ನಿಯಲ್ಲಿ ಕಲಸಿ ಬಂಡೆಗಳ ಮೇಲೆ ಕುಳಿತು ತಿಂದರು.

ಎಲ್ಲಕ್ಕಿಂತ ಕಷ್ಟದ್ದು ಬೇರೆ ಇತ್ತು. ನಾನು ದಾಕ್ಷಾಯಿಣಿಗೆ ಗಾಯ ಮಾಡುತ್ತಿದ್ದೆ. ನನ್ನ ಪಟ್ಟಿಗಳು ಅವಳ ಹೆಗಲ ಚರ್ಮ ಸುಲಿದವು. ಚವಾಣರ ಗಟ್ಟಿ ಹೊಲಿಗೆ ಒಂದು ನೂಲೂ ಬಿಟ್ಟುಕೊಡಲಿಲ್ಲ. ಸಡಿಲಾಗಬೇಕೆಂದು ನಾನು ಹಂಬಲಿಸಿದ್ದು ಅದೇ ಮೊದಲು. ಫರ್ಜಾನಾ ಗಾಯಕ್ಕೆ ಹತ್ತಿ ಇಟ್ಟು ಪಟ್ಟಿ ಅಂಟಿಸುತ್ತಾ ಬೈಯುತ್ತಿದ್ದಳು: “ಸತ್ತ ಮ್ಯಾಲೂ ಹೆಂಡ್ತಿ ಹೆಗಲ ಮ್ಯಾಲೇ ಕುಂತಾನಲ್ಲ, ಏನಂತಿ ಈ ಗಂಡಸಿಗೆ!” ದಾಕ್ಷಾಯಿಣಿ ನಕ್ಕಳು. ನಕ್ಕು ನಕ್ಕು, ಆ ನಗೆ ಯಾವಾಗ ಅಳುವಾಯಿತೋ ಬೆನ್ನ ಹಿಂದಿದ್ದ ನನಗೆ ತಿಳಿಯಲಿಲ್ಲ. ಬೆನ್ನು ಎರಡಕ್ಕೂ ಒಂದೇ ರೀತಿ ಅಲುಗುತ್ತದೆ.

ಕೊನೆಗೊಂದು ಮಧ್ಯಾಹ್ನ ಉಷ್ಗುಲಿ ಬಂತು. ಫರ್ಜಾನಾ ಬೂಟು ಕಳಚಿ ಎಸೆದು, ಹುಲ್ಲಿನ ಮೇಲೆ ಕುಣಿದಳು. ದಾಕ್ಷಾಯಿಣಿ ನನ್ನನ್ನು ಇಳಿಸಲೂ ಇಲ್ಲ. ನಿಂತೇ ಇದ್ದಳು.

“ಮುಗೀತಲ್ಲೇ, ಕೂಡು,” ಎಂದಳು ಫರ್ಜಾನಾ.

“ಅದ ನೋಡು, ಮುಗೀತು. ನಿನ್ನೆ ತನಾ ಯಾವಾಗ ಮುಗದೀತಪ್ಪಾ ಅಂತಿದ್ದೆ. ಈಗ ಇನ್ನೊಂದು ಗುಡ್ಡ ಇದ್ದಿದ್ರ ಅನಸ್ತದ. ನಡಿಯೂ ತನಕಾ ಅವರು ಬೆನ್ನ ಮ್ಯಾಲೆ ಇದ್ರು. ಇಳಿಸಿದ್ರ ಹೋಗಿಬಿಡ್ತಾರ.”

ಫರ್ಜಾನಾ ಕುಣಿತ ನಿಲ್ಲಿಸಿ ಬಂದು, ನನ್ನ ಕೆಳಗೆ ಎರಡೂ ಕೈ ಕೊಟ್ಟು ಭಾರ ಹಿಡಿದು ನಿಂತಳು.

ಅವರು ಉಳಿದುಕೊಂಡ ಮನೆಯ ಒಡತಿ ನಾತೆಲಾ. ಮುಪ್ಪಿನ ಹೆಂಗಸು, ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಅವಳಿಗೆ ಇವರ ಭಾಷೆ ಬಾರದು, ಇವರಿಗೆ ಅವಳದು. ಗೋಡೆಯ ಮೇಲಿದ್ದ ಗಂಡಸಿನ ಪಟ ತೋರಿಸಿ, ತನ್ನ ಕಪ್ಪು ಬಟ್ಟೆಯನ್ನು ಚಿವುಟಿ ತೋರಿಸಿದಳು. ದಾಕ್ಷಾಯಿಣಿ ಫೋನಿನಲ್ಲಿ ಪ್ರಭುಲಿಂಗನ ಚಿತ್ರ ತೆಗೆದು, ತನ್ನ ಬೋಳು ಕೊರಳನ್ನು ಮುಟ್ಟಿ ತೋರಿಸಿದಳು. ನಾತೆಲಾ ಒಲೆಯ ಮುಂದೆ ಸರಿದು ಅವಳಿಗೂ ಜಾಗ ಮಾಡಿಕೊಟ್ಟಳು.

ಹೊರಡುವ ಬೆಳಿಗ್ಗೆ ದಾಕ್ಷಾಯಿಣಿ ನನ್ನ ಸಾಮಾನುಗಳನ್ನೆಲ್ಲ ಒಂದು ಕೈಚೀಲಕ್ಕೆ ಹಾಕಿದಳು. ತಳದ ಗಂಟು ಮಾತ್ರ ಉಳಿಯಿತು. ಅದನ್ನು ಹಿಡಿದು ಬಹಳ ಹೊತ್ತು ಕುಳಿತಳು.

“ತುಂಬಿದ್ದನ್ನ ಬಿಟ್ಟು ಹೋಗೂಹಂಗಿಲ್ಲ. ಬರಿದು ಮಾಡಿ ಬಿಡಬೇಕು,” ಎಂದು ತನಗೇ ಹೇಳಿಕೊಂಡಳು.

ನಾತೆಲಾಳನ್ನು ಕರೆದು, ಅವಳ ಕಪ್ಪು ಏಪ್ರನ್ನಿನ ಎರಡು ತುದಿಗಳನ್ನು ಅವಳ ಕೈಗೇ ಹಿಡಿಸಿದಳು. ಅಕ್ಕಿ, ಅರಿಶಿನ, ಹಸಿರು ಖಣ, ಒಂದೊಂದಾಗಿ ಸುರಿದಳು. ತುಂಬಬಾರದ ಕೈ, ತುಂಬಿಸಿಕೊಳ್ಳಬಾರದ ಉಡಿ. ಮುದುಕಿ ಬಗ್ಗಿ ನೋಡುತ್ತಾ, ಒಂದು ಕಾಳೂ ಚೆಲ್ಲದಂತೆ ನಿಂತಿದ್ದಳು.

ನಾನು ಬರಿದಾಗಿದ್ದೆ. ದಾಕ್ಷಾಯಿಣಿ ನನ್ನನ್ನು ಕಟ್ಟಿಗೆ ರಾಶಿಯ ಪಕ್ಕದ ಗೂಟಕ್ಕೆ ನೇತುಹಾಕಿ, ಪಟ್ಟಿಯನ್ನು ಒಮ್ಮೆ ಸವರಿ, ಕರೆದೊಯ್ಯಲು ಬಂದಿದ್ದ ವ್ಯಾನಿನತ್ತ ನಡೆದಳು. ನಾನು ಕೂಗಲಾರೆ. ಹಿಂದೆ ಸರಿಯುವ ದಾರಿ ನೋಡಿ ರೂಢಿಯಾಗಿದ್ದ ನನಗೆ, ಆ ದಾರಿಯಲ್ಲಿ ಅವಳೇ ಸರಿಯುತ್ತಿದ್ದಳು.

ವ್ಯಾನು ಕೂಗು ಹಾಕಿದಾಗ ನಾತೆಲಾ ಮನೆಯಿಂದ ಓಡಿ ಬಂದಳು. ಏಪ್ರನ್ನಿನ ತುಂಬ ಅಕ್ರೋಟು. ಅತಿಥಿ ಚೀಲ ಮರೆತಳೆಂದೇ ತಿಳಿದಳೋ ಏನೋ, ನನ್ನನ್ನು ಗೂಟದಿಂದ ಇಳಿಸಿ, ಅಷ್ಟನ್ನೂ ನನ್ನೊಳಗೆ ಸುರಿದು, ಬಿಗಿಯಾಗಿ ಜಿಪ್ಪು ಎಳೆದು, ಏದುಸಿರು ಬಿಡುತ್ತಾ ತಂದು ದಾಕ್ಷಾಯಿಣಿಯ ಮಡಿಲಿಗೆ ಇಟ್ಟಳು.

ದಾಕ್ಷಾಯಿಣಿ ಜಿಪ್ಪು ತೆಗೆದು ನೋಡಿದಳು.

“ಫರ್ಜಾನಾ, ತುಂಬಿಬಿಟ್ಲಲ್ಲೇ.”

“ಹಂಗಾರ ಬಿಟ್ಟು ಹೋಗೂಹಂಗಿಲ್ಲ,” ಎಂದಳು ಫರ್ಜಾನಾ. “ನಿಮ್ಮ ಶಾಸ್ತ್ರಾನ ಹೇಳ್ತದಲ್ಲ. ನಡಿ.”

ವ್ಯಾನು ಇಳಿಜಾರು ಮುಗಿಸುವವರೆಗೂ ಅವಳು ನನ್ನನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಧಾರವಾಡದಲ್ಲಿ ಗುರವ್ವ ಒಂದು ಹಿಡಿ ಅಕ್ರೋಟು ತೆಗೆದು ದೇವರ ಜಗಲಿಯ ಮೇಲಿಟ್ಟಳು. ಅಕ್ಕಿ ಏನಾಯಿತೆಂದು ಕೇಳಲಿಲ್ಲ. ಸೊಸೆಯ ಹೆಗಲು ನೋಡಿ, ಎಣ್ಣೆ ಬಿಸಿ ಮಾಡಲು ಒಳಗೆ ಹೋದಳು.

ಈಗ ನನಗೆ ವಯಸ್ಸಾಗಿದೆ. ಬಣ್ಣ ಹೋಗಿದೆ, ಜಿಪ್ಪು ಅರ್ಧಕ್ಕೇ ನಿಲ್ಲುತ್ತದೆ. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾದ ಗೂಟ ನನ್ನದು. ಮನೆಯಲ್ಲಿ ಯಾರೂ ಇಲ್ಲದಾಗ ಗುರವ್ವ ಬಂದು, ನನ್ನನ್ನು ಹೊರಳಿಸಿ, ಉಪ್ಪಿನ ಗೆರೆಯಿರುವ ಬೆನ್ನುಪಟ್ಟಿಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಾಳೆ. ಆ ಬೆನ್ನಿನ ಉದ್ದಗಲ ತಿಳಿದವರು ಈಗ ನಾವಿಬ್ಬರೇ. ಇಲ್ಲ, ದಾಕ್ಷಾಯಿಣಿಯೂ ಸೇರಿ ಮೂವರು.

ಈ ಸಲ ದಾಕ್ಷಾಯಿಣಿ ನೇಪಾಳಕ್ಕೆ ಹೊರಟಳು. ಹೊಸ ಚೀಲ ಕೊಂಡಿದ್ದಾಳೆ, ಅವಳ ಬೆನ್ನಿಗೆ ಹೇಳಿ ಮಾಡಿಸಿದಂತಿದೆ. ಗುರವ್ವ ಅದಕ್ಕೂ ಉಡಿ ತುಂಬಿದಳು. ದಾಕ್ಷಾಯಿಣಿ ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟವಳು, ತಿರುಗಿ ಬಂದು ನನ್ನೊಳಗೆ ಹಾಕಿದಳು. ಆಗ ಅವಳ ಮುಖ ನನ್ನ ಎದುರಿಗೇ ಇತ್ತು. ಹೋಗುವ ಆಸೆಯೂ ಅಳುವೂ ಅಲ್ಲಿ ಒಟ್ಟಿಗೇ ಇದ್ದವು. ಅಷ್ಟು ದೂರ ಜೊತೆಗೆ ನಡೆದೂ ಆ ಮುಖವನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅವಳು ಹೊಸ ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದಳು. ಬೆನ್ನ ಮೇಲಿನ ಆ ಚೀಲ, ನಮ್ಮ ಜಾತಿಯ ರೂಢಿಯಂತೆ, ಹಿಂದೆಯೇ ನೋಡುತ್ತಿತ್ತು. ಓಣಿಯ ತಿರುವಿನವರೆಗೂ ಅದು ನನ್ನನ್ನೇ ನೋಡುತ್ತಾ ಹೋಯಿತು. ನಾನು ಒಂದು ಹಿಡಿ ಅಕ್ಕಿಯನ್ನು ಹಿಡಿದುಕೊಂಡು, ತೂಗಾಡದಂತೆ, ಗೂಟಕ್ಕೆ ಗಟ್ಟಿಯಾಗಿ ಅಂಟಿ ನಿಂತೆ.