ಖಾಲಿ ಪೆಟ್ಟಿಗೆಯ ಮುಂದಿನ ದೀಪ

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಗ್ಗೆ ಆರು ಗಂಟೆ ಐವತ್ತು ನಿಮಿಷ. ನೀರಿನ ಮೇಡಂ ಚರ್ಚಿನ ಪಕ್ಕದ ಬಾಗಿಲಿನಿಂದ ಒಳಗೆ ಬಂದು, ದಿನವೂ ಕೂರುವ ಬೆಂಚಿನ ಹತ್ತಿರ ಮೊಣಕಾಲೂರಲು ಬಗ್ಗಿದವಳು ಅರ್ಧಕ್ಕೇ ನಿಂತಳು. ಪರಮಪ್ರಸಾದ ಇಡುವ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ಬೀಗದವನು ಅದರ ಮುಂದೆ ಸ್ಟೂಲಿನ ಮೇಲೆ ಕೂತು ಹೊಸ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಪೆಟ್ಟಿಗೆಯೊಳಗೆ ಏನೂ ಇರಲಿಲ್ಲ. ಹಾಸಿದ ಬಟ್ಟೆಯನ್ನೂ ತೆಗೆದಿದ್ದರು. ಹಿಂಬದಿಯ ತಗಡು ಕಾಣುತ್ತಿತ್ತು.

ಊರಿಗೆ ನೀರು ಬಿಡುವ ಘಟಕದ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವುದು ಅವಳ ಕೆಲಸ. ಹಾಗಾಗಿ ಚರ್ಚಿನವರ ಬಾಯಲ್ಲಿ ಅವಳು ನೀರಿನ ಮೇಡಂ. ಗಂಟೆ ಹೊಡೆಯುವ, ಕಸ ಗುಡಿಸುವ, ದೀಪಕ್ಕೆ ಎಣ್ಣೆ ಹಾಕುವ ಮುದುಕನನ್ನು ಎಲ್ಲರೂ ಗಂಟೆ ತಾತ ಎನ್ನುತ್ತಿದ್ದರು. ಅವನು ಬೀಗದವನಿಗೆ ಟಾರ್ಚು ಹಿಡಿದು ನಿಂತಿದ್ದ. ಪ್ರಸಾದವನ್ನು ಯಾವಾಗ ತೆಗೆದದ್ದು ಎಂದು ಅವಳು ಕೇಳಿದಳು. ಬೀಗ ಕೈಕೊಟ್ಟಿದ್ದರಿಂದ ಭಾನುವಾರವೇ ಸಿಸ್ಟರ್‌ಗಳ ಕಾನ್ವೆಂಟಿಗೆ ಸಾಗಿಸಿಯಾಗಿದೆ, ಎರಡನೇ ಪೂಜೆಯಲ್ಲಿ ಫಾದರ್ ಪ್ರಕಟಣೆ ಮಾಡಿದರಲ್ಲ ಎಂದು ತಾತ ಹೇಳಿದ. ಅವಳು ಹೋಗುವುದು ಮೊದಲನೇ ಪೂಜೆಗೆ.

"ಮತ್ತೆ ದೀಪ?"

ತಾತ ತಲೆಯೆತ್ತಿ ನೋಡಿದ. ಪೆಟ್ಟಿಗೆಯ ಮೇಲ್ಗಡೆ ಕೆಂಪು ಗಾಜಿನ ದೀಪ ನೆಟ್ಟಗೆ ಉರಿಯುತ್ತಿತ್ತು. ಪೆಟ್ಟಿಗೆಯಲ್ಲಿ ಪರಮಪ್ರಸಾದದ ರೊಟ್ಟಿಯಿದೆ, ಅಂದರೆ ಯೇಸುಸ್ವಾಮಿ ಇಲ್ಲಿದ್ದಾನೆ ಎನ್ನುವುದಕ್ಕೆ ಆ ದೀಪವೇ ಗುರುತು. ಪ್ರಸಾದ ತೆಗೆದ ದಿನವೇ ಅದನ್ನು ಆರಿಸಬೇಕಿತ್ತು.

"ಎದ್ದ ತಕ್ಷಣ ಕೈ ಎಣ್ಣೆ ಡಬ್ಬಿಗೇ ಹೋಗುತ್ತೆ ಮೇಡಂ," ಎಂದ ತಾತ, ದನಿ ತಗ್ಗಿಸಿ. "ತಲೆ ಏಳೋದು ಆಮೇಲೆ. ಫಾದರ್‌ಗೆ ಹೇಳ್ಬೇಡಿ."

"ಮುಚ್ಚಿದ ಅಂಗಡಿಗೆ ಲೈಟ್ ಹಾಕಿಟ್ಟ ಹಾಗಾಯ್ತು," ಎಂದು ಬೀಗದವನು ನಕ್ಕ. ಉಳಿದಿಬ್ಬರೂ ನಗಲಿಲ್ಲ.

ತಾತನಿಗಾದದ್ದು ಬರೀ ಮುಜುಗರ. ಅವಳಿಗೆ ಮಾತ್ರ ಕಾಲ ಕೆಳಗಿನ ನೆಲವೇ ಸ್ವಲ್ಪ ಸರಿದಂತಾಗಿತ್ತು. ಗಂಡ ತೀರಿಕೊಂಡಂದಿನಿಂದ ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ಹತ್ತು ನಿಮಿಷ ಮೊಣಕಾಲೂರುತ್ತಿದ್ದಳು. ಎಲ್ಲ ದಿನವೂ ಅಲ್ಲ, ಕೆಲವು ದಿನ, ಯಾರೋ ಇದ್ದಾರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ದನಿ ಇಲ್ಲ, ಬೆಳಕಿಲ್ಲ, ಕಣ್ಣೀರೂ ಇಲ್ಲ. ಬಾಗಿಲಿಗೆ ಬೆನ್ನು ಹಾಕಿ ಏನೋ ಹೆಚ್ಚುತ್ತಾ ಕೂತಿರುವಾಗ ಮನೆಯವರೊಬ್ಬರು ಬಂದು ಹಿಂದೆ ಕೂತರೆ ತಿರುಗಿ ನೋಡದೆಯೂ ತಿಳಿಯುತ್ತದಲ್ಲ, ಅಷ್ಟೇ. ಅಷ್ಟರ ಮೇಲೆಯೇ ಅವಳ ದಿನಗಳು ನಿಂತಿದ್ದವು.

ಆ ವಾರದ ಬುಧವಾರ ಅದು ಎಂದಿಗಿಂತ ಸ್ಪಷ್ಟವಾಗಿತ್ತು. ಅವಳ ಜೊತೆಗಿರುವ ಅತ್ತೆಗೆ ನಡೆಯಲಾಗುವುದಿಲ್ಲ, ಮರೆವು ಬೇರೆ. ವೃದ್ಧರ ಆರೈಕೆ ಮನೆಯೊಂದರಲ್ಲಿ ಜಾಗ ಖಾಲಿಯಾಗಿದೆ, ಬೇಗ ಹೇಳಿ ಎಂದು ನಾದಿನಿ ಒತ್ತಾಯ ಮಾಡುತ್ತಿದ್ದಳು. ಬುಧವಾರ ಚರ್ಚಿನಿಂದ ಹೊರಬಂದವಳೇ ಮೆಟ್ಟಿಲ ಮೇಲೆ ನಿಂತು, ಅತ್ತೆ ತನ್ನ ಹತ್ತಿರವೇ ಇರುತ್ತಾರೆ ಎಂದು ಫೋನಿನಲ್ಲಿ ಹೇಳಿಬಿಟ್ಟಳು.

"ಅತ್ತಿಗೆ, ಯೋಚನೆ ಮಾಡಿ ಹೇಳ್ತಿದೀರಾ, ಇಲ್ಲ ಚರ್ಚಿಂದ ಬಂದ ಬಿಸೀಲಿ ಹೇಳ್ತಿದೀರಾ?" ಎಂದಿದ್ದಳು ನಾದಿನಿ. ಕೊನೆಗೆ, ಭಾನುವಾರದವರೆಗೆ ಜಾಗ ಹಿಡಿದಿಟ್ಟಿರುತ್ತಾರೆ, ಅಷ್ಟರೊಳಗೆ ಮನಸ್ಸು ಬದಲಾದರೆ ತಿಳಿಸಿ ಎಂದು ಫೋನಿಟ್ಟಿದ್ದಳು. ಆ ಭಾನುವಾರ ನಾಳೆಯೇ.

ಪ್ರಯೋಗಾಲಯದಲ್ಲಿ ಪ್ರತಿ ದಿನದ ಮೊದಲ ಕೆಲಸ ಬ್ಲ್ಯಾಂಕ್. ಕ್ಲೋರಿನ್ ಇಲ್ಲದ ಶುದ್ಧ ನೀರಿಗೆ ಪುಡಿ ಹಾಕಿ ಅಲ್ಲಾಡಿಸಿ ಯಂತ್ರದಲ್ಲಿಟ್ಟು ನೋಡುವುದು. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ. ಬ್ಲ್ಯಾಂಕ್ ಬಣ್ಣವಿಲ್ಲದೆ ಸೊನ್ನೆ ತೋರಿಸಬೇಕು. ಏನೂ ಇಲ್ಲದ ಕಡೆ ಏನೋ ಇದೆ ಎಂದು ಯಂತ್ರ ಹೇಳಿದರೆ ಅದರ ಉಳಿದ ಮಾತನ್ನೂ ನಂಬುವಂತಿಲ್ಲ. ಸೀಸೆ ಅಲ್ಲಾಡಿಸುತ್ತಿದ್ದ ಅವಳ ಕೈ ನಿಂತಿತು. ತನಗೇ ತಿಳಿಯದೆ ಈ ವಾರ ಅವಳು ತನ್ನ ಮೇಲೆಯೇ ಬ್ಲ್ಯಾಂಕ್ ನಡೆಸಿದ್ದಳು. ಖಾಲಿ ಪೆಟ್ಟಿಗೆಯ ಮುಂದೆ ಕೂತು, ಇದ್ದಾನೆ ಎಂದಿದ್ದಳು. ಹಾಗಾದರೆ ಇಷ್ಟು ವರ್ಷ ಗೊತ್ತಾದದ್ದೆಲ್ಲ ಏನು? ಅದನ್ನು ನಂಬಿ ಅತ್ತೆಯ ವಿಷಯ ತೀರ್ಮಾನಿಸಿದ್ದು ಸರಿಯೇ?

ಪಕ್ಕದ ಮೇಜಿನ ಹಿರಿಯ ಕೆಮಿಸ್ಟ್ ಚರ್ಚು ಗಿರ್ಚು ಎಂದು ಹೋದವಳಲ್ಲ. ಅವಳ ಹತ್ತಿರ ಇದನ್ನೆಲ್ಲ ಬಿಚ್ಚಿಡುವಂತಿರಲಿಲ್ಲ. ಬ್ಲ್ಯಾಂಕ್ ಸೊನ್ನೆ ಬಿಟ್ಟು ಬೇರೆ ರೀಡಿಂಗ್ ಕೊಟ್ಟರೆ ಮೊದಲು ಯಾವುದರ ಮೇಲೆ ಅನುಮಾನ ಪಡುತ್ತೀರಿ ಎಂದಷ್ಟೇ ಕೇಳಿದಳು.

"ನೀರಿನ ಮೇಲೆ," ಎಂದಳು ಕೆಮಿಸ್ಟ್, ಕಣ್ಣೆತ್ತದೆ. "ಹೋದ ವರ್ಷದ್ದು ಮರೆತ್ಯಾ? ಮಿಷನ್ನಿಗೆ ಬೈದೂ ಬೈದೂ ಸಾಕಾಯ್ತು. ಕೊನೆಗೆ ನೋಡಿದ್ರೆ ಕ್ಲೋರಿನ್ ರೂಮಿನ ಬಾಗಿಲು ತೆಗೆದಿತ್ತು. ಶುದ್ಧ ನೀರಿನ ಕ್ಯಾನಿಗೆ ಮುಚ್ಚಳ ಇರ್ಲಿಲ್ಲ. ಗಾಳೀಲಿದ್ದದ್ದೇ ನೀರಿಗೆ ಇಳಿದಿತ್ತು. ನಾವು ಖಾಲಿ ಅಂದ್ಕೊಂಡಿದ್ದು ಖಾಲಿನೇ ಆಗಿರ್ಲಿಲ್ಲ."

ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಒಂದು ಗಳಿಗೆ ಎದೆ ಹಗುರವಾಯಿತು. ಆದರೆ ಹೋಲಿಕೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದು ಪುರಾವೆಯಾಗುವುದಿಲ್ಲ ಎನ್ನುವುದನ್ನು ಅವಳಿಗೆ ಕಾಲೇಜಿನಲ್ಲೇ ತಲೆಗೆ ಹೊಡೆದು ಕಲಿಸಿದ್ದರು. ಸಮಾಧಾನ ಬೇಕಾದವರಿಗೆ ಹೋಲಿಕೆಗಳು ಸುಲಭವಾಗಿ ಸಿಗುತ್ತವೆ. ಸಂಜೆ ನಾದಿನಿಗೆ ಫೋನ್ ಮಾಡಿ, ಆ ಜಾಗಕ್ಕೆ ಒಪ್ಪಿಗೆ ಎಂದು ಹೇಳುವುದೇ ಪ್ರಾಮಾಣಿಕತೆ ಎಂದುಕೊಂಡು ಮಧ್ಯಾಹ್ನ ಮನೆಗೆ ಹೊರಟಳು.

ಹಗಲಲ್ಲಿ ಅತ್ತೆಯನ್ನು ನೋಡಿಕೊಳ್ಳುವ ಪಕ್ಕದ ಮನೆಯ ದೊಡ್ಡಮ್ಮ, ಇವಳ ಚಪ್ಪಲಿ ಸದ್ದು ಕೇಳಿದ್ದೇ ತಡ, ಬೆಳಗ್ಗಿನಿಂದ ನಿಮ್ಮತ್ತೆ ನನ್ನ ತಲೆ ತಿಂದು ಮುಗಿಸಿದರು ಎಂದು ಹೇಳಿ ಹೊರಟುಹೋದಳು. ಶನಿವಾರ ಅತ್ತೆಗೆ ತಲೆಸ್ನಾನ. ಬಚ್ಚಲುಮನೆಯಲ್ಲಿ ಕುರ್ಚಿ ಹಾಕಿ, ಅತ್ತೆಯನ್ನು ತಬ್ಬಿ ಎತ್ತಿ ಕೂರಿಸಿ, ಬಕೆಟಿನಲ್ಲಿ ಥರ್ಮಾಮೀಟರ್ ಅದ್ದಿ, ಮೂವತ್ತೆಂಟು ಡಿಗ್ರಿ ಇದೆಯೇ ಎಂದು ನೋಡಿದಳು. ಅತ್ತೆಯ ಚರ್ಮಕ್ಕೆ ಈಗ ಬಿಸಿ ತಿಳಿಯದು. ಒಮ್ಮೆ ಭುಜ ಕೆಂಪಗಾದ ಮೇಲೆ ಅವಳು ತನ್ನ ಕೈಯನ್ನು ನಂಬುತ್ತಿರಲಿಲ್ಲ.

"ನನ್ನನ್ನೂ ಬಾಟ್ಲಿಗೆ ಹಾಕಿ ಅಲ್ಲಾಡಿಸ್ತೀಯೇನು?" ಎಂದರು ಅತ್ತೆ.

"ನೀವು ಹಿಡಿಸೋ ಅಷ್ಟು ದೊಡ್ಡ ಬಾಟ್ಲಿ ಸಿಕ್ಕಿಲ್ಲ ಅತ್ತೆ."

ಅತ್ತೆ ಗೊರಗೊರ ನಕ್ಕು, ಮಗ ಊಟ ಮಾಡಿದನೇ ಎಂದು ಕೇಳಿದರು. ಇವಳು ಬೆನ್ನಿಗೆ ಸೋಪು ಹಚ್ಚತೊಡಗಿದಳು. ಬೆನ್ನೆಲುಬಿನ ಪಕ್ಕದಲ್ಲಿ ಹುಣ್ಣಾಗುತ್ತಿದೆಯೇ ಎಂದು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಎಲ್ಲೂ ಆಗಿರಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು, ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಆಗ, ಅವಳು ಕೇಳಿಕೊಳ್ಳದೆಯೇ, ಅದಾಯಿತು. ಹಿಂದೆ ಯಾರೋ ಬಂದು ಕೂತರು. ಇಲ್ಲಿ ದೀಪವಿರಲಿಲ್ಲ, ಪೆಟ್ಟಿಗೆಯಿರಲಿಲ್ಲ. ಪ್ರಾರ್ಥನೆಯೂ ಇರಲಿಲ್ಲ, ಅವಳ ಗಮನವೆಲ್ಲ ಹುಣ್ಣಿನ ಮೇಲಿತ್ತು.

ಅವಳು ತಿರುಗಿ ನೋಡಲಿಲ್ಲ. ಎಚ್ಚರಿಕೆಯಿಂದ ಯೋಚಿಸಿದಳು. ಇದು ಯಂತ್ರದ ದೋಷವೇ ಆಗಿದ್ದರೆ ಅದನ್ನು ಪರೀಕ್ಷಿಸಲು ಅವಳ ಬಳಿ ಬೇರೆ ಯಂತ್ರವಿಲ್ಲ. ಇಷ್ಟು ಮಾತ್ರ ಖಚಿತವಾಗಿತ್ತು: ಬುಧವಾರವೂ ಅವನು ಏನನ್ನೂ ಅಪ್ಪಣೆ ಮಾಡಿರಲಿಲ್ಲ, ಜೊತೆಗಿದ್ದ, ಅಷ್ಟೇ. ಅತ್ತೆಯನ್ನು ಇಟ್ಟುಕೊಳ್ಳಬೇಕು ಎಂದದ್ದು ಅವಳೇ. ಈಗಲೂ ಅವಳಿಗೆ ಅದೇ ಬೇಕಿತ್ತು.

ಅಷ್ಟರಲ್ಲಿ ಕಿಟಕಿಯ ಮೇಲಿಟ್ಟ ಫೋನ್ ಬಡಿದುಕೊಂಡಿತು. ಒದ್ದೆ ಬೆರಳಿನಿಂದಲೇ ಸ್ಪೀಕರ್ ಒತ್ತಿದಳು. ನಾದಿನಿ, ಏನಾಯಿತು ಅತ್ತಿಗೆ, ಮನಸ್ಸು ಬದಲಾಯಿತೇ ಎಂದು ಕೇಳಿದಳು.

"ಬದಲಾಗಿತ್ತು. ಮತ್ತೆ ವಾಪಸ್ ಬಂತು. ಅತ್ತೆ ಇಲ್ಲೇ ಇರ್ತಾರೆ."

"ಮತ್ತೆ ಚರ್ಚಿಂದ ಹೇಳ್ತಿದೀರಾ?"

"ಬಚ್ಚಲುಮನೆಯಿಂದ ಹೇಳ್ತಿದೀನಿ."

ಅದಕ್ಕೆ ನಾದಿನಿ, ಹಾಗಾದರೆ ಇನ್ನು ಭಾನುವಾರಗಳಲ್ಲಿ ತಾನು ಬಂದು ಅಮ್ಮನ ಹತ್ತಿರ ಕೂರುವುದಾಗಿಯೂ, ಅತ್ತಿಗೆ ಬೆಳಗಾಗುವ ಮೊದಲೇ ಓಡದೆ ಎರಡನೇ ಪೂಜೆಗೆ ಹೋಗಬಹುದೆಂದೂ ಹೇಳಿದಳು. ಒಳ್ಳೆಯದು, ಪ್ರಕಟಣೆಗಳಾದರೂ ಕಿವಿಗೆ ಬೀಳುತ್ತವೆ ಎಂದಳು ಇವಳು. ನಾದಿನಿಗೆ ಅರ್ಥವಾಗಲಿಲ್ಲ.

"ಚಳಿ," ಎಂದರು ಅತ್ತೆ. ನೀರು ಆರಿತ್ತು. ಅವಳು ಬಿಸಿನೀರು ಬೆರೆಸಿ, ಕೈಯಿಂದ ಕಲಕಿ, ಥರ್ಮಾಮೀಟರ್ ಅದ್ದಿ ಪಾದರಸ ನಿಲ್ಲುವವರೆಗೆ ಕಾದಳು. ಮೂವತ್ತೆಂಟು ಡಿಗ್ರಿ.