ಮುನ್ನೂರು ವೋಲ್ಟಿನ ಮರ್ಯಾದೆ

ನನ್ನ ಕಾಲ್ಗುಣ ಸರಿಯಿಲ್ಲ ಎಂದವರು ಇದುವರೆಗೆ ಮೂವರು. ಮೊದಲಿಬ್ಬರು ನನ್ನ ಸೋದರತ್ತೆಯರು. ಅವರ ಮಾತಿಗೆ ಮನೆಯ ನಾಯಿಯೂ ಕಿವಿಗೊಡುತ್ತಿರಲಿಲ್ಲ. ಮೂರನೆಯವರು ಗಂಗಾವತಿಯ ಶಫೀಸಾಬರು. ಅವರು ಮಾತ್ರ ಅದನ್ನು ಮೀಟರು ಹಿಡಿದು ಅಳೆದು, ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆದಿಟ್ಟು ಹೇಳಿದರು. ಪುರಾವೆ ಇಲ್ಲದ್ದನ್ನು ನಂಬಬೇಡಿ ಎಂದು ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದ ಕುಬೇರಪ್ಪ ಮಾಸ್ತರನಾದ ನನಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೇನು ಬೇಕು?

ಶಫೀಸಾಬರು ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ರೇಡಿಯೋಗಳು ಸತ್ತ ಮೇಲೆ ಅಂಗಡಿಯನ್ನು ಮೊಬೈಲ್ ಕವರು ಮಾರುವವರಿಗೆ ಬಿಟ್ಟುಕೊಟ್ಟು, ಮನೆಯ ಪಡಸಾಲೆಯಲ್ಲಿ ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತ ಕೂತರು. ಗಾಜಿನ ಬುರುಡೆಯೊಳಗೆ ಕೆಂಡ ಕಂಡರೇ ಹಾಡಿಗೆ ಜೀವ ಎಂಬುದು ಅವರ ನಂಬಿಕೆ. ಆ ಬುರುಡೆಗಳಿಗೆ ಮುನ್ನೂರು ವೋಲ್ಟು ಬೇಕು. ಅದು ಏರದಂತೆ, ಇಳಿಯದಂತೆ ಹಿಡಿದಿಡಲು ರೆಗ್ಯುಲೇಟರ್ ಬೇಕು. ಅದನ್ನೂ ತಾವೇ ಕಟ್ಟಿದರು. ಅದಕ್ಕೆ ಅಳತೆ ಹೇಳಿಕೊಡಲು ನೂರು ನೂರು ವೋಲ್ಟಿನ ಮೂರು ಝೀನರ್ ಡಯೋಡುಗಳನ್ನು ಸಾಲಾಗಿ ಬೆಸೆದರು. ಒಂದೊಂದೂ ಅಕ್ಕಿಕಾಳಿನಷ್ಟಿದ್ದವು.

ಪ್ರತಿ ಗುರುವಾರ ನಾನು ಕಾರಟಗಿಯಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ಆ ರೆಗ್ಯುಲೇಟರಿನ ಡಬ್ಬಿಯನ್ನು ನೋಡಲು ಆ ಮನೆಗೆ ಬರುವವನು ನಾನೊಬ್ಬನೇ. ನನ್ನೆದುರು ಅರ್ಧ ಗಂಟೆ ಮುನ್ನೂರಕ್ಕೆ ನಿಂತ ಮೇಲೇ ಹಾಡು ಹಚ್ಚುವುದೆಂದು ಶಫೀಸಾಬರು ಪಣ ತೊಟ್ಟಿದ್ದರು. ಅದು ನಿಲ್ಲುತ್ತಿರಲಿಲ್ಲ. ಮುನ್ನೂರರಿಂದ ಹೊರಟು ಇಪ್ಪತ್ತು ನಿಮಿಷದಲ್ಲಿ ಮುನ್ನೂರ ಹತ್ತಕ್ಕೆ ಹೋಗಿ ಕೂರುತ್ತಿತ್ತು.

“ಹತ್ತು ವೋಲ್ಟ್ ಹೆಚ್ಚಾದ್ರ ಯಾರ ಕಿವಿಗೆ ತಿಳೀತೈತ್ರಿ? ಹಚ್ರಿ ಹಾಡು,” ಎಂದೆ ಒಮ್ಮೆ.

“ಬಿರಿಯಾನಿಗೆ ರೇಷನ್ ಅಕ್ಕಿ ಹಾಕಿದ್ರೂ ನಡೀತೈತಿ ಅನ್ರಿ,” ಎಂದರು. ಅಂದಿನಿಂದ ನಾನು ಸಲಹೆ ಕೊಡುವುದನ್ನು ಬಿಟ್ಟೆ.

ಮೊದಲು ತಪ್ಪು ಹೊತ್ತದ್ದು ಪಕ್ಕದ ರೈಸ್ ಮಿಲ್ಲು. ಅದರ ಮೋಟಾರಿನಿಂದ ಲೈನಿನ ಕರೆಂಟು ಕುಣಿಯುತ್ತದೆಂದು ಸ್ಟೆಬಿಲೈಜರ್ ತಂದಿಟ್ಟರು. ಮಿಲ್ಲು ನಿರ್ದೋಷಿ ಎಂದಾಯಿತು. ಆಮೇಲೆ ಟ್ರಾನ್ಸ್‌ಫಾರ್ಮರ್ ಬದಲಿಸಿದರು. ವಾಲ್ವ್ ಬದಲಿಸಿದರು. ಡಯೋಡುಗಳನ್ನೇ ಕಿತ್ತು ಹೊಸವು ಹಾಕಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರ ಮನೆಯಲ್ಲಿ ಇನ್ನು ಬೈಯಲು ನೆಲವೊಂದೇ ಉಳಿದಿತ್ತು. ಆಗ ಫೋನ್ ಬಂತು.

“ಮಾಸ್ತರ, ತಪ್ಪು ತಿಳೀಬ್ಯಾಡ್ರಿ. ಈ ಗುರುವಾರ ಬರಬ್ಯಾಡ್ರಿ.”

“ಯಾಕ್ರಿ?”

“ನೀವು ಬಂದ್ರ ವೋಲ್ಟೇಜ್ ಏರ್ತೈತ್ರಿ.”

ನಾನು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ. “ಆರು ಗುರುವಾರ ಬರದಿಟ್ಟೀನ್ರಿ. ಉಳಿದ ದಿನ ನಾನೊಬ್ಬನಾ ಇರ್ತೀನಿ, ಮುನ್ನೂರು ಅಂದ್ರ ಮುನ್ನೂರು. ನೀವು ಬಂದು ಕುಂತ್ರ ಮುನ್ನೂರ ಹತ್ತು.”

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನೋಣವೆಂದರೆ, ಕಾಗೆ ಆರು ಸಲ ಕೂತಿದೆ, ಟೊಂಗೆ ಆರು ಸಲವೂ ಮುರಿದಿದೆ. ಹೆಂಡತಿ ಹೋದ ಮೇಲೆ ವಾರಕ್ಕೊಮ್ಮೆ ನಾನು ಇಸ್ತ್ರಿ ಅಂಗಿ ಹಾಕುತ್ತಿದ್ದುದು ಆ ಮನೆಗಾಗಿಯೇ. ನನಗೆ ತುಂಬಾ ನೋವಾಯಿತು.

ಆ ಗುರುವಾರ ಹೋಗಲಿಲ್ಲ. ಸಂಜೆ ವಾಟ್ಸಾಪಿನಲ್ಲಿ ಮೀಟರಿನ ಫೋಟೋ ಬಂತು, ಸರಿಯಾಗಿ ಮುನ್ನೂರು. ಕೆಳಗೊಂದು ಹೆಬ್ಬೆಟ್ಟಿನ ಚಿತ್ರ ಬೇರೆ. ಗೆಳೆಯನಿಲ್ಲದ ಸಂಭ್ರಮವನ್ನು ಗೆಳೆಯನಿಗೇ ಕಳಿಸುವ ಔದಾರ್ಯ ಎಲ್ಲರಿಗೂ ಬರುವುದಿಲ್ಲ. ಆ ಹೆಬ್ಬೆಟ್ಟು ನೋಡಿ ಮೈಯೆಲ್ಲ ಉರಿಯಿತು. ಮುಂದಿನ ಗುರುವಾರ ಹತ್ತರ ಬಸ್ಸಿಗೇ ಹೊರಟೆ.

“ಬರ್ರಿ,” ಎಂದರು ಶಫೀಸಾಬರು, ಕೂತಲ್ಲಿಂದ ಏಳಲಿಲ್ಲ. ಆ ‘ಬರ್ರಿ’ಯಲ್ಲಿ ‘ಹೋಗ್ರಿ’ ಇತ್ತು.

“ನಾ ಇಲ್ಲೇ ಕುಂದ್ರತೀನಿ. ಯಾರು ಏರಸ್ತಾರೋ ನೋಡೇಬಿಡೋಣು,” ಎಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೆ.

ಏಪ್ರಿಲ್ ತಿಂಗಳು. ಊರ ಯಂತ್ರಗಳನ್ನೆಲ್ಲ ರಿಪೇರಿ ಮಾಡಿದವರ ಮನೆಯಲ್ಲಿ ಮೇಲಿನ ಫ್ಯಾನು ಕೆಟ್ಟು ಎರಡು ವರ್ಷವಾಗಿತ್ತು. ಇದ್ದ ಒಂದು ಟೇಬಲ್ ಫ್ಯಾನು ಅವರ ಮೇಜಿನ ಕಡೆ ಬೀಸುತ್ತಿತ್ತು. ನಾನು ಬೆವರು ಒರೆಸಿಕೊಳ್ಳುತ್ತ ಮೀಟರನ್ನು ದಿಟ್ಟಿಸಿದೆ. ಹತ್ತು ನಿಮಿಷ, ಮುನ್ನೂರು. ಇಪ್ಪತ್ತು ನಿಮಿಷ, ಮುನ್ನೂರು. ಇಪ್ಪತ್ತೈದು, ಮುನ್ನೂರು. ಶಫೀಸಾಬರ ಮುಖ ಸಣ್ಣದಾಯಿತು.

“ಹಂಗಾರ ನೀವಲ್ರಿ, ಮಾಸ್ತರ.”

“ಇದನ್ನೂ ಬರದಿಡ್ರಿ ನಿಮ್ಮ ನೋಟ್‌ಬುಕ್ಕಿನ್ಯಾಗ. ದಪ್ಪ ಅಕ್ಷರದಾಗ.”

ಆಗ ಅವರ ಹೆಂಡತಿ ಹಜರತಬೀ ಚಹಾ ತಂದರು. ನನ್ನನ್ನು ನೋಡಿ, ಗಂಡನನ್ನು ನೋಡಿ, ಬಟ್ಟಲು ಕೆಳಗಿಟ್ಟರು.

“ಅಣ್ಣಾರು ತೊಯ್ದು ತಪ್ಪಡಿ ಆಗ್ಯಾರ, ನೀವು ಆ ಡಬ್ಬಿಗೆ ಗಾಳಿ ಬಿಟಗೊಂಡು ಕುಂತೀರಿ! ಬಂದವರಿಗೆ ಗಾಳಿ ಬಿಡಬೇಕನ್ನೋ ರೀತಿ ಇಲ್ಲೇನು? ಇವತ್ತೇನಾಗೇತಿ ನಿಮಗ?” ಎಂದು ಫ್ಯಾನನ್ನು ಎತ್ತಿ ನನ್ನ ಕಡೆ ತಿರುಗಿಸಿ ಒಳಗೆ ಹೋದರು.

ತಣ್ಣನೆ ಗಾಳಿ ಬಂತು. ಚಹಾ ಕುಡಿದೆ. ಬಟ್ಟಲು ಖಾಲಿಯಾಗುವುದರೊಳಗೆ ಮುನ್ನೂರ ಮೂರು. ಮುನ್ನೂರ ಆರು. ಮುನ್ನೂರ ಒಂಬತ್ತು.

ನಾನೇ ಎದ್ದು ಫ್ಯಾನನ್ನು ಡಬ್ಬಿಯ ಕಡೆ ತಿರುಗಿಸಿದೆ. ನಿಧಾನಕ್ಕೆ ಇಳಿಯಿತು. ಮತ್ತೆ ನನ್ನ ಕಡೆ ತಿರುಗಿಸಿದೆ. ಏರಿತು. ಆ ಅಕ್ಕಿಕಾಳಿನಂಥ ಡಯೋಡುಗಳು ಕೂತಿದ್ದು ಟ್ರಾನ್ಸಿಸ್ಟರಿನ ಬಿಸಿ ಹೊರಹಾಕುವ ಕಾದ ಅಲ್ಯೂಮಿನಿಯಂ ರೆಕ್ಕೆಯ ಮಗ್ಗುಲಲ್ಲೇ. ಇಂಥ ಡಯೋಡು ಬಿಸಿಯಾದಷ್ಟೂ ಹೆಚ್ಚು ವೋಲ್ಟು ತೋರಿಸುತ್ತದೆ ಎಂದು ನಾನು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಬಗಲಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಒಬ್ಬರೇ ಇರುವಾಗ ಫ್ಯಾನು ಮೇಜಿನ ಕಡೆ ಇರುತ್ತಿತ್ತು. ಗುರುವಾರ ನಾನು ಹೊಸ್ತಿಲು ದಾಟುವ ಮೊದಲೇ ಶಫೀಸಾಬರ ಕೈ ಅದನ್ನು ನನ್ನ ಕಡೆ ತಿರುಗಿಸುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ, ಹಾಗಾಗಿ ನೋಟ್‌ಬುಕ್ಕಿಗೂ ಗೊತ್ತಾಗಲಿಲ್ಲ. ಅಷ್ಟು ಗುರುವಾರ ಆ ಗಾಳಿಗೆ ಕೂತ ನಾನೂ ಅದು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಅವರು ನನಗೆ ಮರ್ಯಾದೆ ಕೊಟ್ಟ ದಿನವೆಲ್ಲ ನಾನು ಅಪರಾಧಿಯಾಗಿದ್ದೆ. ಕೊಡದ ಈ ಒಂದು ದಿನ ಬಿಡುಗಡೆಯಾಯಿತು.

“ತಪ್ಪಾತ್ರಿ, ಮಾಸ್ತರ,” ಎಂದು ಶಫೀಸಾಬರು ತಲೆ ತಗ್ಗಿಸಿದರು. ಮೂರು ವಾರ ಚುಚ್ಚಲು ಸಾಲುವಷ್ಟು ಮಾತು ಬಸ್ಸಿನಲ್ಲೇ ಕೂಡಿಸಿಟ್ಟುಕೊಂಡು ಬಂದಿದ್ದೆ. ಅದನ್ನೆಲ್ಲ ಬದಿಗಿಟ್ಟು ಕುರ್ಚಿಗೆ ಮರಳಿದೆ.

“ಬಿಡ್ರಿ. ಫ್ಯಾನ್ ಅದರ ಕಡೆನಾ ಇರಲಿ. ನಾ ಬೆವರಿದ್ರ ಕರಗಿ ಹೋಗೂದಿಲ್ಲ. ಇನ್ನರ್ಧ ಗಂಟಿ ಕಾದು ಹಾಡು ಹಚ್ಚೋಣು.”

ಅವರು ಸ್ವಿಚ್ಚು ಆರಿಸಿದರು. ವೋಲ್ಟು ಪೂರ್ತಿ ಸೊನ್ನೆಗೆ ಇಳಿಯುವ ತನಕ ಕಾದು, ಡಬ್ಬಿಯನ್ನು ಮಗುಚಿ, ಬೆಸುಗೆಯ ಕಡ್ಡಿ ಕಾಯಲಿಟ್ಟರು. ಡಯೋಡುಗಳನ್ನು ಕಿತ್ತು ಡಬ್ಬಿಯ ಆ ತುದಿಗೆ, ಬಿಸಿ ತಾಗದ ಕಡೆ ಕೂರಿಸುವುದಂತೆ. ಮತ್ತೆ ಎರಡು ದಿನದ ಕೆಲಸ.

“ಪಂಖಾ ಅದರ ಕಡೆ ಬಿಟ್ರ ಮುಗೀತಲ್ರಿ! ಸುಮ್ಮನ ಯಾಕ ಬಿಚ್ಚತೀರಿ?” ಎಂದೆ.

ಶಫೀಸಾಬರು ತಲೆ ಎತ್ತದೆ ಹೇಳಿದರು, “ಬಿಚ್ಚದಿದ್ರ, ನೀವು ಬಂದಾಗ ಪಂಖಾ ಯಾರ ಕಡೆ ತಿರುಗಸ್ಲಿ?”

ಆ ಗುರುವಾರವೂ ಹಾಡು ಕೇಳಲಿಲ್ಲ. ಗಾಳಿಯಲ್ಲಿ ಕೂತು ಎರಡನೆಯ ಚಹಾ ಕುಡಿದು, ನಾಲ್ಕರ ಬಸ್ಸಿಗೆ ಹೊರಟೆ. ಕಾರಟಗಿಯಲ್ಲಿ ಮನೆ ಮುಟ್ಟಿದವನೇ ಮುಂದಿನ ಗುರುವಾರದ ಅಂಗಿಯನ್ನು ಇಸ್ತ್ರಿಗೆ ಕೊಟ್ಟೆ.